ಮೈನ್‌ಕ್ರಾಫ್ಟ್ ಮುಗ್ಗರಿಸುತ್ತಿದೆಯೇ? ಎಂಟು ಜಿಬಿ ಲ್ಯಾಪ್‌ಟಾಪಿಗೆ ಯಾವ ದಾರಿ ಸರಿ

ನನ್ನ ಅಕ್ಕನ ಮಗಳು ಎರಡು ವರ್ಷದಿಂದ ಮೈನ್‌ಕ್ರಾಫ್ಟಿನಲ್ಲಿ ಚಿತ್ರದುರ್ಗದ ಕೋಟೆ ಕಟ್ಟುತ್ತಿದ್ದಾಳೆ. ಬ್ಲಾಕ್ ಎಂಬ ಚೌಕ ತುಂಡುಗಳನ್ನು ಜೋಡಿಸಿ ಬೇಕಾದ್ದನ್ನು ಕಟ್ಟುವ ಕಂಪ್ಯೂಟರ್ ಆಟ ಅದು. ದಾವಣಗೆರೆಯಿಂದ ದುರ್ಗ ಸುಮಾರು ಅರವತ್ತು ಕಿಲೋಮೀಟರ್. ರಜೆ ಬಂದಾಗಲೆಲ್ಲ ಹಟ ಹಿಡಿದು ಕರೆದುಕೊಂಡು ಹೋಗು ಎನ್ನುತ್ತಾಳೆ, ಒಂದೊಂದು ಬಾಗಿಲಿನ ಫೋಟೊ ತೆಗೆಯುತ್ತಾಳೆ, ಮನೆಗೆ ಬಂದು ಕಲ್ಲಿಗೆ ಕಲ್ಲು ಕೂಡಿಸುತ್ತಾಳೆ. ಏಳು ಸುತ್ತಿನಲ್ಲಿ ಮೂರು ಸುತ್ತು ಮುಗಿಯುವ ಹೊತ್ತಿಗೆ ಆಟ ತಡವರಿಸತೊಡಗಿತು. "ಮಾಮ, ನೋಡು, ಓಬವ್ವನ ಕಿಂಡಿಯ ಹತ್ತಿರ ಹೋದರೆ ನಿಂತೇ ಬಿಡುತ್ತದೆ" ಎಂದು ಲ್ಯಾಪ್‌ಟಾಪನ್ನು ನನ್ನ ತೊಡೆಯ ಮೇಲಿಟ್ಟಳು.

ಮೊದಲು ನಾವಿಬ್ಬರೂ ನೀರನ್ನು ದೂರಿದೆವು. ಗೋಪಾಲಸ್ವಾಮಿ ಹೊಂಡ ತುಂಬಿ ಹರಿದದ್ದು ಅಕ್ಕತಂಗಿ ಹೊಂಡಕ್ಕೆ ಇಳಿಯುವುದನ್ನು ಅವಳು ಆಟದಲ್ಲೂ ಹಾಗೆಯೇ ಮಾಡಿದ್ದಳು. ಒಂದಿಡೀ ಸಂಜೆಯ ಕೆಲಸ ಅದು. ಅದನ್ನು ಒಡೆದು ಹಾಕಿದೆವು, ಏನೂ ಬದಲಾಗಲಿಲ್ಲ. ಹರಿದು ಒಂದು ನೆಲೆಗೆ ಬಂದ ನೀರು ಈ ಆಟದಲ್ಲಿ ಕಂಪ್ಯೂಟರಿಗೆ ಹೆಚ್ಚು ಕೆಲಸ ಕೊಡುವುದಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ತೊಂದರೆ ಇದ್ದದ್ದು ಕೋಟೆಯ ಗೋಡೆಗಳ ಉದ್ದಕ್ಕೂ ಕಾವಲಿಗೆ ನಿಲ್ಲಿಸಿದ್ದ ಸೈನಿಕರಲ್ಲಿ. ಕವಚ ತೊಡಿಸಿದ ಗೂಟಗಳು, ಅಂದರೆ ಆರ್ಮರ್ ಸ್ಟ್ಯಾಂಡ್‌ಗಳು, ಕಲ್ಲಿನಂತೆ ಸುಮ್ಮನೆ ಬಿದ್ದಿರುವ ವಸ್ತುಗಳಲ್ಲ. ಆಟದ ಲೆಕ್ಕದಲ್ಲಿ ಹಸು, ಕುರಿ, ಶತ್ರುಗಳಂತೆ ಅವೂ ಒಂದೊಂದು ಜೀವಿ. ನೂರಾರು ಸೈನಿಕರಲ್ಲಿ ಗೋಡೆಯ ಹಿಂದೆ ಕಾಣದೆ ನಿಂತವರನ್ನೂ ಆಟ ಬಹುಪಾಲು ಪ್ರತಿ ಫ್ರೇಮಿನಲ್ಲೂ ಚಿತ್ರಿಸುತ್ತಲೇ ಇತ್ತು.

ಆ ಹೊಂಡವನ್ನು ಅವಳು ಮತ್ತೆ ಕಟ್ಟಬೇಕಾಯಿತು. ಬೇರೆ ಮಕ್ಕಳಿಗೆ ಹಾಗಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ. ನಾನು ಹೇಳುವುದೆಲ್ಲ ಕಂಪ್ಯೂಟರಿನಲ್ಲಿ ಆಡುವ ಜಾವಾ ಆವೃತ್ತಿಗೆ ಅನ್ವಯಿಸುತ್ತದೆ. ಮನಸ್ಸಿನಲ್ಲಿಟ್ಟುಕೊಂಡಿರುವುದು ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಇರುವಂಥ ಲ್ಯಾಪ್‌ಟಾಪ್: ಎಂಟು ಜಿಬಿ ರ್‍ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ.

ಮೊದಲು ಕಾಯಿಲೆ ಯಾವುದೆಂದು ನೋಡಿ

"ಆಟ ನಿಧಾನವಾಗಿದೆ" ಎನ್ನುವ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಎಫ್3 ಕೀಲಿ ಒತ್ತಿದರೆ ತೆರೆಯ ಎರಡೂ ಬದಿಯಲ್ಲಿ ಅಂಕಿಗಳ ಸಾಲು ಬರುತ್ತದೆ. ಅದರಲ್ಲಿ ಮೂರು ಸಾಲುಗಳನ್ನು ಓದಲು ಕಲಿತರೆ ಸಾಕು.

ಎಡಬದಿಯ ಮೇಲ್ಗಡೆ ಎಫ್‌ಪಿಎಸ್ ಇರುತ್ತದೆ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿದೆ ಎಂಬುದು. ತಲೆ ತಿರುಗಿಸಿದಾಗ ನೋಟ ಎಳೆದಂತಾಗಿ ಈ ಸಂಖ್ಯೆ ಇಳಿದರೆ ಅದು ಚಿತ್ರಿಸುವ ತೊಂದರೆ. ಅದರ ಹತ್ತಿರದಲ್ಲೇ "ಇಂಟಿಗ್ರೇಟೆಡ್ ಸರ್ವರ್" ಎಂಬ ಸಾಲಿನಲ್ಲಿ ಮಿಲಿಸೆಕೆಂಡುಗಳ ಅಂಕಿ ಇದೆ. ಆಟದ ಜಗತ್ತು ಸೆಕೆಂಡಿಗೆ 20 ಬಾರಿ ಮಿಡಿಯುತ್ತದೆ. ಆ ಒಂದು ಮಿಡಿತವೇ ಟಿಕ್, ಅದಕ್ಕೆ ಸಿಗುವ ಸಮಯ 50 ಮಿಲಿಸೆಕೆಂಡ್. ಅಂಕಿ 50 ದಾಟಿದರೆ ನೋಟ ನಯವಾಗಿಯೇ ಇರಬಹುದು, ಆದರೆ ಒಡೆದ ಕಲ್ಲು ತಿರುಗಿ ಬಂದು ಕೂರುತ್ತದೆ, ಬಾಗಿಲು ತಡವಾಗಿ ತೆರೆಯುತ್ತದೆ, ಪ್ರಾಣಿಗಳು ಜಾರಿದಂತೆ ನಡೆಯುತ್ತವೆ. ಇದು ಪ್ರೊಸೆಸರಿನ ತೊಂದರೆ. ಗ್ರಾಫಿಕ್ಸ್ ಎಷ್ಟೇ ಕಡಿಮೆ ಮಾಡಿದರೂ ಇದು ಹೋಗದು. ಮೂರನೆಯದು ಬಲಬದಿಯ ಮೆಮೊರಿಯ ಶೇಕಡಾವಾರು. ಅದು ಮೇಲೇರುತ್ತಾ ಹೋಗಿ ಥಟ್ಟನೆ ಕೆಳಗಿಳಿಯುತ್ತದೆ. ಇಳಿಯುವ ಗಳಿಗೆಯಲ್ಲೇ ಆಟ ಗಕ್ಕನೆ ನಿಂತು ಮುಂದೆ ಹೋಗುತ್ತಿದ್ದರೆ ಆಟವನ್ನು ಓಡಿಸುವ ಜಾವಾ ತಂತ್ರಾಂಶ ಮೆಮೊರಿಯಲ್ಲಿ ಬೇಡವಾಗಿ ಉಳಿದ ಕಸ ಗುಡಿಸಲು ಒದ್ದಾಡುತ್ತಿದೆ ಎಂದರ್ಥ.

ಅದೇ ಬಲಬದಿಯಲ್ಲಿ ಗ್ರಾಫಿಕ್ಸ್ ಚಿಪ್ಪಿನ ಹೆಸರೂ ಇರುತ್ತದೆ. ಬೇರೆ ಕಾರ್ಡ್ ಇರುವ ಲ್ಯಾಪ್‌ಟಾಪಿನಲ್ಲಿ ಅಲ್ಲಿ ಎನ್‌ವಿಡಿಯಾದ ಬದಲು ಇಂಟೆಲ್ ಎಂದು ಕಂಡರೆ, ದುಡ್ಡು ಕೊಟ್ಟು ತಂದ ಕಾರ್ಡು ಕೆಲಸವಿಲ್ಲದೆ ಕೂತಿದೆ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ವಿಭಾಗಕ್ಕೆ ಹೋಗಿ, ಆಟವನ್ನು ಓಡಿಸುವ ಜಾವಾ ಕಡತಕ್ಕೆ ಹೈ ಪರ್ಫಾರ್ಮೆನ್ಸ್ ಆರಿಸಿ. ಇದೊಂದರಿಂದಲೇ ಎಷ್ಟೋ ಮನೆಗಳಲ್ಲಿ ತೊಂದರೆ ಅಲ್ಲಿಗೇ ತೀರುತ್ತದೆ.

ಮಾಡ್ ಹಾಕದೆಯೇ ಸಾಗುವಷ್ಟು ದೂರ

ಮಾಡ್ ಎಂದರೆ ಆಟಕ್ಕೆ ಹೊರಗಿನಿಂದ ಸೇರಿಸುವ ತಂತ್ರಾಂಶ. ಅದಕ್ಕೂ ಮೊದಲು ಆಟದ್ದೇ ಸೆಟ್ಟಿಂಗ್‌ಗಳನ್ನು ನೋಡಿ. ಅವುಗಳಲ್ಲಿ ರೆಂಡರ್ ಡಿಸ್ಟೆನ್ಸ್, ಅಂದರೆ ಎಷ್ಟು ದೂರದವರೆಗೆ ಜಗತ್ತನ್ನು ಚಿತ್ರಿಸಬೇಕು ಎಂಬುದು, ಅದೊಂದರ ತೂಕ ಉಳಿದೆಲ್ಲವುಗಳಿಗಿಂತ ಹೆಚ್ಚು. ಏಕೆಂದು ಲೆಕ್ಕ ಹಾಕಿ ನೋಡಿ. ಒಂದು ಚಂಕ್ ಎಂದರೆ 16 ಬ್ಲಾಕ್ ಅಗಲ, 16 ಬ್ಲಾಕ್ ಉದ್ದದ ತುಂಡು. 2021ರ ನವೆಂಬರ್‌ನಲ್ಲಿ ಬಂದ 1.18 ಆವೃತ್ತಿಯ ನಂತರ ಅದರ ಎತ್ತರ 256ರಿಂದ 384ಕ್ಕೆ ಏರಿದೆ. ರೆಂಡರ್ ಡಿಸ್ಟೆನ್ಸ್ 8 ಇಟ್ಟರೆ ಸುತ್ತಲೂ ಸೇರಿ 289 ಚಂಕ್‌ಗಳು. 16 ಇಟ್ಟರೆ 1,089. 32 ಇಟ್ಟರೆ 4,225. ದೂರ ಇಮ್ಮಡಿಯಾದರೆ ಹೊರೆ ಹೆಚ್ಚುಕಡಿಮೆ ನಾಲ್ಕು ಪಟ್ಟು. "ಸ್ವಲ್ಪ ಜಾಸ್ತಿ ಮಾಡಿದೆ ಅಷ್ಟೆ" ಎಂದು 12ರಿಂದ 20ಕ್ಕೆ ತಳ್ಳುವ ಮಕ್ಕಳಿಗೆ ನಾನು ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸುತ್ತೇನೆ.

1.18ರಲ್ಲಿಯೇ ಸೇರಿದ ಸಿಮ್ಯುಲೇಷನ್ ಡಿಸ್ಟೆನ್ಸ್ ಬೇರೆಯೇ ಸಂಗತಿ. ಎಷ್ಟು ದೂರದವರೆಗೆ ಬೆಳೆ ಬೆಳೆಯಬೇಕು, ಪ್ರಾಣಿಗಳು ಓಡಾಡಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ಟಿಕ್ ತೊಂದರೆ ಇದ್ದವರು ಇದನ್ನು 5ಕ್ಕೆ ಇಳಿಸಿ, ನೋಟದ ದೂರವನ್ನು ಹಾಗೆಯೇ ಇಟ್ಟುಕೊಳ್ಳಬಹುದು. ಕೋಟೆ ಕಟ್ಟುವವರಿಗೆ ಇದು ವರದಾನ, ಏಕೆಂದರೆ ದೂರದ ಬುರುಜು ಕಾಣಬೇಕೇ ಹೊರತು ಅಲ್ಲಿ ಏನೂ ನಡೆಯಬೇಕಾಗಿಲ್ಲ. ಇದರ ಜೊತೆಗೆ ಗ್ರಾಫಿಕ್ಸ್ ಅನ್ನು ಫಾಸ್ಟ್‌ಗೆ ಇಡಿ, ಮೋಡಗಳನ್ನು ಆಫ್ ಮಾಡಿ, ಫ್ರೇಮುಗಳ ಮಿತಿಯನ್ನು 60ಕ್ಕೆ ಕಟ್ಟಿಹಾಕಿ.

ಆಪ್ಟಿಫೈನೋ ಸೋಡಿಯಮ್ಮೋ

ಆಟದ ವೇಗ ಹೆಚ್ಚಿಸುವ ಈ ಎರಡು ಮಾಡ್‌ಗಳಲ್ಲಿ ಯಾವುದು ಹಾಕಲಿ ಎಂಬುದೇ ನನ್ನನ್ನು ಹೆಚ್ಚು ಜನ ಕೇಳುವ ಪ್ರಶ್ನೆ. ಹತ್ತು ವರ್ಷದ ಹಿಂದೆ ಉತ್ತರ ಒಂದೇ ಇತ್ತು. ಆಪ್ಟಿಫೈನ್ ಒಂದೇ ಕಡತ, ಅದರೊಳಗೆ ವೇಗ, ಬೆಳಕು ನೆರಳನ್ನು ಸೊಗಸಾಗಿ ಮೂಡಿಸುವ ಶೇಡರ್, ದೂರದ್ದನ್ನು ಹತ್ತಿರ ತರುವ ಜೂಮ್, ಕೈಯಲ್ಲಿ ಪಂಜು ಹಿಡಿದರೆ ಸುತ್ತ ಬೆಳಕು, ಎಲ್ಲವೂ ಇದ್ದವು. ಈಗಲೂ 1.8.9, 1.12.2ರಂಥ ಹಳೆಯ ಆವೃತ್ತಿಗಳಲ್ಲಿ ಆಡುವವರಿಗೆ ನಾನು ಅದನ್ನೇ ಹೇಳುತ್ತೇನೆ.

ಆದರೆ 1.16ರಿಂದ ಈಚಿನ ಆವೃತ್ತಿಗಳಿಗೆ ಸೋಡಿಯಮ್ ಆರಿಸಿಕೊಳ್ಳಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಚಂಕ್‌ಗಳನ್ನು ಗ್ರಾಫಿಕ್ಸ್ ಚಿಪ್ಪಿಗೆ ಕಳಿಸುವ ಭಾಗವನ್ನೇ ಸೋಡಿಯಮ್ ಹೊಸದಾಗಿ ಬರೆದಿದೆ. ಹೀಗಾಗಿ ದುರ್ಬಲ ಚಿಪ್ಪುಗಳಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಇನ್ನೊಂದು ಕಾರಣ ಸ್ಥಿರತೆ. ಆಪ್ಟಿಫೈನ್‌ನ ಮೂಲ ಸಂಕೇತ (ಸೋರ್ಸ್ ಕೋಡ್) ಮುಚ್ಚಿಟ್ಟದ್ದು, ಅದು ಆಟದ ಒಳಗನ್ನು ಎಲ್ಲೆಲ್ಲಿ ಬದಲಿಸಿದೆ ಎಂದು ಬೇರೆ ಮಾಡ್ ಬರೆಯುವವರಿಗೆ ತಿಳಿಯುವುದು ಕಷ್ಟ. ಆದ್ದರಿಂದಲೇ "ಆಪ್ಟಿಫೈನ್ ಇದ್ದರೆ ಮೊದಲು ತೆಗೆಯಿರಿ" ಎಂಬ ಉತ್ತರ ಮಾಡ್ ಬರೆಯುವವರಿಂದ ಮತ್ತೆ ಮತ್ತೆ ಬರುತ್ತದೆ. ಸೋಡಿಯಮ್‌ನ ಸಂಕೇತವನ್ನು ಯಾರು ಬೇಕಾದರೂ ತೆರೆದು ಓದಬಹುದು.

ಸೋಡಿಯಮ್ ಕೈಬಿಟ್ಟದ್ದೂ ಇದೆ, ಅದನ್ನು ಮುಚ್ಚಿಡಬಾರದು. ಅದು ವೇಗ ಬಿಟ್ಟು ಬೇರೇನನ್ನೂ ಕೊಡುವುದಿಲ್ಲ. ಶೇಡರ್ ಬೇಕಾದರೆ ಐರಿಸ್ ಸೇರಿಸಬೇಕು, ಜೂಮ್‌ಗೆ ಜೂಮಿಫೈ, ಕೈಪಂಜಿನ ಬೆಳಕಿಗೆ ಲ್ಯಾಂಬ್‌ಡೈನಾಮಿಕ್‌ಲೈಟ್ಸ್, ಅಂಚು ಕೂಡಿಕೊಳ್ಳುವ ಗಾಜಿಗೆ ಕಂಟಿನ್ಯುಯಿಟಿ. ಒಂದರ ಬದಲು ಐದು ಕಡತ ನೋಡಿಕೊಳ್ಳಬೇಕು. ಹನ್ನೆರಡು ವರ್ಷದ ಹುಡುಗನಿಗೆ ಇದು ಬೇಸರವೆನಿಸಬಹುದು. ತೀರಾ ಹಳೆಯ ಇಂಟೆಲ್ ಚಿಪ್ಪುಗಳಲ್ಲಿ ಹೊಸ ಸೋಡಿಯಮ್ ತೆರೆಯದೇ ಹೋಗುವುದೂ ಉಂಟು. ಗ್ರಾಫಿಕ್ಸ್ ಡ್ರೈವರ್ ನವೀಕರಿಸಿದರೂ ಆಗದಿದ್ದರೆ ಆಪ್ಟಿಫೈನ್‌ಗೆ ಮರಳುವುದೇ ದಾರಿ. ಎರಡನ್ನೂ ಒಟ್ಟಿಗೆ ಮಾತ್ರ ಹಾಕಬೇಡಿ. ಎರಡೂ ಒಂದೇ ಜಾಗಕ್ಕೆ ಕೈ ಹಾಕುತ್ತವೆ, ಆಟ ಬೀಳುತ್ತದೆ.

ಸೋಡಿಯಮ್ ಚಿತ್ರಿಸುವ ತೊಂದರೆಗೆ ಮಾತ್ರ ಮದ್ದು. ಟಿಕ್ ತೊಂದರೆಗೆ ಅದೇ ತಂಡದ ಲಿಥಿಯಮ್ ಇದೆ. ಪ್ರಾಣಿಗಳ ಚಲನೆ, ಢಿಕ್ಕಿ, ದಾರಿ ಹುಡುಕುವಿಕೆಯ ಲೆಕ್ಕಗಳನ್ನು ಅದು ಚುರುಕು ಮಾಡುತ್ತದೆ, ಆಟದ ನಿಯಮ ಮಾತ್ರ ಬದಲಾಗುವುದಿಲ್ಲ. ಗೋಡೆಯ ಹಿಂದಿನ ಜೀವಿಗಳನ್ನೂ ಪೆಟ್ಟಿಗೆ, ಬಾವುಟಗಳನ್ನೂ ಚಿತ್ರಿಸದೆ ಬಿಡುವುದು ಎಂಟಿಟಿ ಕಲ್ಲಿಂಗ್. ನಮ್ಮ ಸೈನಿಕರ ತೊಂದರೆ ತೀರಿದ್ದು ಇದರಿಂದ. ಕಿಂಡಿಯ ಮುಂದೆ ನಿಂತು ನೋಡಿದಾಗ ಮೊದಲು ಎಫ್‌ಪಿಎಸ್ 14ರ ಆಸುಪಾಸಿನಲ್ಲಿ ತೂಗಾಡುತ್ತಿತ್ತು. ಇದೊಂದನ್ನೇ ಹಾಕಿ ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ಮುಖ ಮಾಡಿ ನಿಂತಾಗ 40 ದಾಟಿತು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಅಂಕಿ ಬೇರೆ ಬರುತ್ತದೆ. ಆದರೆ ಅಳೆಯುವ ಕ್ರಮ ಹೀಗೆಯೇ ಇರಲಿ: ಒಂದೇ ಜಾಗ, ಒಂದೇ ದಿಕ್ಕು, ಒಂದು ಸಲಕ್ಕೆ ಒಂದೇ ಬದಲಾವಣೆ.

ಡಿಸ್ಟೆಂಟ್ ಹೊರೈಜನ್ಸ್ ಎಂಬ ಮಾಡ್ ಬಗ್ಗೆ ಮಕ್ಕಳು ಆಸೆಯಿಂದ ಕೇಳುತ್ತಾರೆ. ದೂರದ ಬೆಟ್ಟಗಳನ್ನು ಒರಟು ರೂಪದಲ್ಲಿ ಚಿತ್ರಿಸಿ ಬಹು ದೂರದವರೆಗೆ ತೋರಿಸುತ್ತದೆ. ಬೆಟ್ಟದ ನೆತ್ತಿಯಿಂದ ಕೆಳಗಿನ ಊರು ಕಾಣುವ ಆ ನೋಟ ನಿಜಕ್ಕೂ ಸೊಗಸು. ಆದರೆ ಆ ಒರಟು ರೂಪ ತಯಾರಿಸಲು ಪ್ರೊಸೆಸರ್ ಬಹಳ ದುಡಿಯಬೇಕು, ಡಿಸ್ಕಿನಲ್ಲೂ ಜಾಗ ಬೇಕು. ಎಂಟು ಜಿಬಿ ಲ್ಯಾಪ್‌ಟಾಪಿಗೆ ನಾನು ಅದನ್ನು ಹಾಕುವುದಿಲ್ಲ.

ಫ್ಯಾಬ್ರಿಕ್, ಫೋರ್ಜ್, ನಿಯೋಫೋರ್ಜ್

ಈ ಮೂರೂ ಮಾಡ್‌ಗಳನ್ನು ಆಟಕ್ಕೆ ಜೋಡಿಸಿಕೊಡುವ ತಂತ್ರಾಂಶಗಳು. ಇಲ್ಲಿ ಆಯ್ಕೆ ನಿಮ್ಮದಲ್ಲ, ನೀವು ಆಡಬೇಕೆಂದಿರುವ ಮಾಡ್‌ಗಳದ್ದು. ವೇಗ ಸಾಕು, ಒಂದೆರಡು ಸಣ್ಣ ಸೌಲಭ್ಯ ಇದ್ದರೆ ಆಯಿತು ಎನ್ನುವವರಿಗೆ ಫ್ಯಾಬ್ರಿಕ್ ಹಗುರ, ಹೊಸ ಆವೃತ್ತಿ ಬಂದಾಗ ಬೇಗ ಸಿದ್ಧವಾಗುತ್ತದೆ. ನೂರಾರು ಮಾಡ್‌ಗಳ ದೊಡ್ಡ ಪ್ಯಾಕ್‌ಗಳು ಹೆಚ್ಚಾಗಿ ಫೋರ್ಜ್ ಮೇಲೆ, ಇಲ್ಲವೇ 2023ರಲ್ಲಿ ಅದರಿಂದ ಕವಲೊಡೆದ ನಿಯೋಫೋರ್ಜ್ ಮೇಲೆ ನಿಂತಿವೆ. ಸಾಮಾನ್ಯವಾಗಿ ಒಂದರ ಮಾಡ್ ಇನ್ನೊಂದರಲ್ಲಿ ಓಡುವುದಿಲ್ಲ. 1.20.1ರ ಫೋರ್ಜ್‌ನಲ್ಲಿ ಸೋಡಿಯಮ್‌ನ ಜಾಗಕ್ಕೆ ಎಂಬೆಡಿಯಮ್ ಇದೆ. 1.21ರ ನಿಯೋಫೋರ್ಜ್‌ಗೆ ಸೋಡಿಯಮ್ ನೇರವಾಗಿಯೇ ಸಿಗುತ್ತದೆ. ದೊಡ್ಡ ಪ್ಯಾಕ್ ಆಡುವವರು ಮೆಮೊರಿ ಉಳಿಸುವ ಫೆರೈಟ್‌ಕೋರ್, ತೆರೆಯುವ ಸಮಯ ತಗ್ಗಿಸುವ ಮಾಡರ್ನ್‌ಫಿಕ್ಸ್ ಎರಡನ್ನೂ ಮರೆಯಬಾರದು. ಹಾಗಿದ್ದರೂ ಇನ್ನೂರು ಮಾಡ್‌ಗಳ ಪ್ಯಾಕನ್ನು ಎಂಟು ಜಿಬಿಯಲ್ಲಿ ಓಡಿಸಲು ಹೋಗಿ ವಾರಗಟ್ಟಲೆ ಕೊರಗುವುದನ್ನು ಕಂಡಿದ್ದೇನೆ. ಅಂಥವರಿಗೆ ಚಿಕ್ಕ ಪ್ಯಾಕ್ ಆರಿಸಿಕೊಳ್ಳಿ ಎನ್ನುವುದೇ ಪ್ರಾಮಾಣಿಕ ಸಲಹೆ.

ಕಂಪ್ಯೂಟರಿನಲ್ಲಿ ಆಟ ಕೊಂಡವರಿಗೆ 2022ರಿಂದ ಜಾವಾ ಆವೃತ್ತಿ, ಮೊಬೈಲಿನಲ್ಲೂ ಓಡುವ ಬೆಡ್‌ರಾಕ್ ಆವೃತ್ತಿ ಎರಡೂ ಒಟ್ಟಿಗೆ ಸಿಗುತ್ತಿವೆ. ಮಾಡ್ ಬೇಡವೇ ಬೇಡ, ಗೆಳೆಯರ ಮೊಬೈಲಿನ ಜೊತೆ ಸೇರಿ ಆಡಿದರೆ ಸಾಕು ಎನ್ನುವವರು ಬೆಡ್‌ರಾಕ್ ತೆರೆಯಲಿ. ದುರ್ಬಲ ಯಂತ್ರಗಳಲ್ಲಿ ಅದು ಹೆಚ್ಚು ನಯವಾಗಿ ಓಡುತ್ತದೆ. ಶಾಲೆಯ ಹಳೆಯ ಕಂಪ್ಯೂಟರುಗಳಲ್ಲಿ ಮಕ್ಕಳಿಗೆ ಕಟ್ಟುವ ಆಟ ಕಲಿಸಬೇಕೆನ್ನುವ ಶಿಕ್ಷಕರು ಲುವಾಂಟಿ ನೋಡಬಹುದು. ಮೈನ್‌ಟೆಸ್ಟ್ ಎಂಬ ಹೆಸರಿದ್ದದ್ದು 2024ರಲ್ಲಿ ಹೀಗಾಯಿತು. ಉಚಿತ, ಹಗುರ, ಲುವಾ ಭಾಷೆಯಲ್ಲಿ ಮಕ್ಕಳೇ ಅದಕ್ಕೆ ಮಾಡ್ ಬರೆಯಬಹುದು.

ಮೆಮೊರಿ ಹೆಚ್ಚು ಕೊಟ್ಟಷ್ಟೂ ಒಳ್ಳೆಯದಲ್ಲ

ಆಟವನ್ನು ತೆರೆಯುವ ಲಾಂಚರ್‌ನ ಜೆವಿಎಂ ಆರ್ಗ್ಯುಮೆಂಟ್ಸ್ ಪೆಟ್ಟಿಗೆಯಲ್ಲಿ ಆಟಕ್ಕೆ ಎಷ್ಟು ಮೆಮೊರಿ ಎಂದು ಬರೆದಿರುತ್ತದೆ. ಎಂಟು ಜಿಬಿ ಇದೆಯಲ್ಲ ಎಂದು ಆರೇಳು ಜಿಬಿ ಆಟಕ್ಕೇ ಬರೆದುಕೊಡುವವರಿದ್ದಾರೆ. ವಿಂಡೋಸ್‌ಗೂ ಮೆಮೊರಿ ಬೇಕು, ಬೇರೆ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಚಿಪ್ಪು ಸಹ ಇದೇ ರ್‍ಯಾಮಿನಿಂದ ಪಾಲು ತೆಗೆದುಕೊಳ್ಳುತ್ತದೆ. ಉಳಿದವುಗಳಿಗೆ ಸಾಲದೆ ಬಂದಾಗ ವಿಂಡೋಸ್ ಡಿಸ್ಕನ್ನೇ ಮೆಮೊರಿಯಂತೆ ಬಳಸತೊಡಗುತ್ತದೆ, ಆಗ ಎಲ್ಲವೂ ತೆವಳುತ್ತದೆ. ಸೋಡಿಯಮ್ ಮತ್ತು ಕೆಲವು ಸಣ್ಣ ಮಾಡ್‌ಗಳಿಗೆ 3 ಜಿಬಿ ಸಾಕು, ಮಧ್ಯಮ ಪ್ಯಾಕ್‌ಗೆ 4. ಅದಕ್ಕಿಂತ ಮೇಲೆ ಹೋಗಬೇಕೆಂದರೆ ರ್‍ಯಾಮ್ ಹೆಚ್ಚಿಸಿಕೊಂಡ ಮೇಲೆ ಹೋಗಿ.

ಆಟವನ್ನು ಓಡಿಸುವ ಜಾವಾ ತಂತ್ರಾಂಶದ ಆವೃತ್ತಿಯನ್ನು ಅಧಿಕೃತ ಲಾಂಚರ್ ತಾನೇ ನೋಡಿಕೊಳ್ಳುತ್ತದೆ. ಬೇರೆ ಲಾಂಚರ್ ಬಳಸುವವರು ನೆನಪಿಡಿ: 1.16.5ರವರೆಗೆ ಜಾವಾ 8, 1.18ರಿಂದ 1.20.4ರವರೆಗೆ 17, 1.20.5ರಿಂದ 1.21ರ ಸಾಲಿನವರೆಗೆ 21.

ಬೀಳದಂತೆ ನೋಡಿಕೊಳ್ಳುವುದು

ನಮ್ಮ ಹುಡುಗಿಯ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿದೆ. ಕರೆಂಟು ಹೋದರೆ ಆ ಕ್ಷಣವೇ ಕತ್ತಲೆ. ಬರೆಯುವ ನಡುವೆಯೇ ಕಡತ ತುಂಡಾದರೆ ಜಗತ್ತು ತೆರೆಯದೇ ಹೋಗಬಹುದು, ಒಮ್ಮೆ ಹಾಗೆಯೇ ಆಯಿತು. ಅವಳು ಅಳಲೂ ಇಲ್ಲ, ಸುಮ್ಮನೆ ಗೋಡೆ ನೋಡುತ್ತಾ ಕುಳಿತಳು. ಅಂದು ನಮ್ಮನ್ನು ಉಳಿಸಿದ್ದು ಒಂದು ಸಣ್ಣ ಕಡತ. ಸೇವ್ಸ್ ಫೋಲ್ಡರಿನಲ್ಲಿ ನಿಮ್ಮ ಜಗತ್ತಿನ ಹೆಸರಿನ ಒಳಗೆ ಲೆವೆಲ್ ಡ್ಯಾಟ್ ಎಂಬ ಕಡತದ ಪಕ್ಕದಲ್ಲೇ ಅದರ ಹಿಂದಿನ ಪ್ರತಿ, ಕೊನೆಯಲ್ಲಿ ಓಲ್ಡ್ ಎಂದಿರುವುದು, ಇರುತ್ತದೆ. ಮೊದಲು ಇಡೀ ಫೋಲ್ಡರನ್ನು ಬೇರೆಡೆ ನಕಲು ಮಾಡಿಟ್ಟು, ಹಾಳಾದದ್ದನ್ನು ಸರಿಸಿ, ಹಳೆಯದಕ್ಕೆ ಅದರ ಹೆಸರಿಡಿ. ಪ್ರತಿ ಸಲವೂ ಇದು ಕೈಹಿಡಿಯುತ್ತದೆ ಎನ್ನಲಾರೆ, ಚಂಕ್‌ಗಳ ಕಡತವೇ ಕೆಟ್ಟಿದ್ದರೆ ಇದರಿಂದ ಆಗದು. ಜಗತ್ತನ್ನು ಆರಿಸುವ ಪುಟದಲ್ಲಿ ಎಡಿಟ್ ಒತ್ತಿ ಮೇಕ್ ಬ್ಯಾಕಪ್ ಕೊಟ್ಟರೆ ಇಡೀ ಜಗತ್ತು ಒಂದು ಜಿಪ್ ಕಡತವಾಗುತ್ತದೆ. ಅದನ್ನು ಪೆನ್‌ಡ್ರೈವಿಗೆ ಹಾಕಿಡಿ. ಹೊಸ ಮಾಡ್ ಹಾಕುವ ಮುನ್ನ, ಆವೃತ್ತಿ ಬದಲಿಸುವ ಮುನ್ನ ಇದು ಕಡ್ಡಾಯ.

ಮಾಡ್‌ಗಳನ್ನು ಎಲ್ಲಿಂದ ತರುತ್ತೀರಿ ಎಂಬುದೂ ಸ್ಥಿರತೆಯದೇ ವಿಷಯ. ಮಾಡ್‌ರಿಂತ್, ಕರ್ಸ್‌ಫೋರ್ಜ್, ಇಲ್ಲವೇ ಬರೆದವರದೇ ತಾಣ. ಬೇರೆಯವರು ಎತ್ತಿ ಹಾಕಿಕೊಂಡ ತಾಣಗಳು ಬೇಡ. 2023ರ ಜೂನ್‌ನಲ್ಲಿ ಫ್ರ್ಯಾಕ್ಚರೈಸರ್ ಎಂಬ ಕುತಂತ್ರಾಂಶ ಕರ್ಸ್‌ಫೋರ್ಜ್‌ನಲ್ಲಿದ್ದ ಕೆಲವು ಮಾಡ್‌ಗಳೊಳಗೇ ನುಸುಳಿತ್ತು. ಹೆಸರಾಂತ ತಾಣದಲ್ಲೇ ಹಾಗಾಗಿರುವಾಗ ಹೆಸರಿಲ್ಲದ ಕಡೆ ಎಚ್ಚರ ಇನ್ನಷ್ಟು ಬೇಕು.

ಆಟ ತೆರೆಯದೆ ಬಿದ್ದರೆ ಕ್ರ್ಯಾಶ್ ರಿಪೋರ್ಟ್ಸ್ ಫೋಲ್ಡರಿನ ಕೊನೆಯ ಕಡತ ತೆರೆದು ಮೇಲಿನ ಇಪ್ಪತ್ತು ಸಾಲು ಓದಿ. ತಪ್ಪಿತಸ್ಥ ಮಾಡ್‌ನ ಹೆಸರು ಹಲವು ಸಲ ಅಲ್ಲಿಯೇ ಇರುತ್ತದೆ. ಇಲ್ಲದಿದ್ದರೆ ಅರ್ಧ ಮಾಡ್‌ಗಳನ್ನು ಹೊರಗಿಟ್ಟು ತೆರೆಯಿರಿ. ಬಿದ್ದರೆ ದೋಷ ಒಳಗಿರುವ ಅರ್ಧದಲ್ಲಿ, ಬೀಳದಿದ್ದರೆ ಹೊರಗಿಟ್ಟದ್ದರಲ್ಲಿ. ಹೀಗೆ ಅರ್ಧ ಮಾಡುತ್ತಾ ಹೋದರೆ 40 ಮಾಡ್‌ಗಳಲ್ಲಿ ತಪ್ಪಿರುವ ಒಂದನ್ನು ಆರು ಸಲದೊಳಗೆ ಹಿಡಿಯಬಹುದು. ಒಂದಕ್ಕೊಂದು ಬೇಕಾದ ಮಾಡ್‌ಗಳನ್ನು, ಉದಾಹರಣೆಗೆ ಫ್ಯಾಬ್ರಿಕ್ ಎಪಿಐ, ಬೇರೆ ಮಾಡಬೇಡಿ. ಬೀಳದೆ ಬರೀ ಟಿಕ್ ಎಳೆಯುತ್ತಿದ್ದರೆ ಸ್ಪಾರ್ಕ್ ಎಂಬ ಮಾಡ್ ಯಾವುದು ಎಷ್ಟು ಸಮಯ ತಿನ್ನುತ್ತಿದೆ ಎಂದು ಬಿಡಿಸಿ ತೋರಿಸುತ್ತದೆ.

ದುಡ್ಡು ಹಾಕುವುದಿದ್ದರೆ

ಮೊದಲು ಲ್ಯಾಪ್‌ಟಾಪಿನ ದೂಳು ತೆಗೆಸಿ. ನಮ್ಮ ಮನೆ ಮಂಡಕ್ಕಿ ಭಟ್ಟಿಗಳಿಗೆ ಹತ್ತಿರ. ಹಿಂದಿನ ಮುಚ್ಚಳ ಬಿಚ್ಚಿದಾಗ ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಕಪ್ಪು ಮಸಿ ಬೆರೆತ ದೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು, ಚಿಮಟದಿಂದ ಎತ್ತಿದರೆ ಒಂದೇ ತುಂಡಾಗಿ ಬಂತು. ಗಾಳಿ ಹೋಗಲು ದಾರಿಯಿಲ್ಲದಾಗ ಪ್ರೊಸೆಸರ್ ಸುಟ್ಟುಹೋಗದಿರಲು ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಆಟ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕುಸಿಯುತ್ತಿದ್ದರೆ ಮಾಡ್‌ಗಳನ್ನು ಅನುಮಾನಿಸುವ ಮೊದಲು ಇದನ್ನು ನೋಡಿ.

ಆಮೇಲೆ ರ್‍ಯಾಮ್. ಎಂಟು ಜಿಬಿ ಒಂದೇ ಪಟ್ಟಿಯಾಗಿ ಕೂತಿದ್ದು ಇನ್ನೊಂದು ಕಿಂಡಿ ಖಾಲಿಯಿದ್ದರೆ ಅಷ್ಟೇ ಗಾತ್ರದ ಇನ್ನೊಂದನ್ನು ಹಾಕಿಸಿ. ಎರಡು ಪಟ್ಟಿ ಇದ್ದಾಗ ಮಾಹಿತಿ ಏಕಕಾಲಕ್ಕೆ ಎರಡು ದಾರಿಯಲ್ಲಿ ಹರಿಯುತ್ತದೆ. ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಚಿಪ್ಪು ಇದೇ ರ್‍ಯಾಮನ್ನು ನಂಬಿರುವುದರಿಂದ ಎಫ್‌ಪಿಎಸ್ ಸಹ ಏರುತ್ತದೆ. ಅಂಗಡಿಗೆ ಹೋಗುವ ಮುನ್ನ ಡಿಡಿಆರ್3, 4, 5 ಯಾವುದೆಂದು ಬರೆದುಕೊಂಡು ಹೋಗಿ. ನಾನು ಹಾಗೆ ಮಾಡದೆ, ಒಂದು ಅಂಗಡಿಯವರು ಕೊಟ್ಟದ್ದನ್ನು ತಂದು, ಕೂರದೆ ಮರುದಿನ ಹಿಂದಿರುಗಿಸಬೇಕಾಯಿತು.

ಹಾರ್ಡ್‌ಡಿಸ್ಕ್ ಇನ್ನೂ ತಿರುಗುವ ತಟ್ಟೆಯದಾಗಿದ್ದರೆ ಎಸ್‌ಎಸ್‌ಡಿ ಹಾಕಿಸಿ. ಎಫ್‌ಪಿಎಸ್ ಏರುವುದಿಲ್ಲ, ಆದರೆ ಆಟ ತೆರೆಯುವುದು, ಓಡುವಾಗ ಮುಂದಿನ ಚಂಕ್ ಬರುವುದು ಬೇಗವಾಗುತ್ತದೆ. ನಮ್ಮ ಮನೆಯಲ್ಲಿ ಸತ್ತ ಬ್ಯಾಟರಿಯ ಸರದಿ ಇದಕ್ಕಿಂತ ಮೊದಲು ಬಂದಿದೆ. ನಾಲ್ಕನೇ ಸುತ್ತಿನ ಗೋಡೆ ಎದ್ದಿದೆ, ಮುಂದಿನ ತಿಂಗಳು ಹೊಸ ಬ್ಯಾಟರಿ ತರುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೇನೆ.